ಬಾಸ್ ಕೊನೆಗೆ ಮಾತಾಡಲಿ

ತಂಡದಲ್ಲಿ ಹೊಂದಾಣಿಕೆ, ಇನ್ನೊಬ್ಬರ ಕಷ್ಟ ಅರಿಯುವ ಗುಣ, ಹೊಸ ಯೋಚನೆ ಬೆಳೆಸುವುದು ಹೇಗೆ? ಗೋಡೆಗೆ ಪೋಸ್ಟರ್ ಅಂಟಿಸದೆ, ತರಬೇತಿ ಶಿಬಿರಕ್ಕೆ ದುಡ್ಡು ಸುರಿಯದೆ ಮಾಡಬಹುದಾದ ಕೆಲಸಗಳು ಇಲ್ಲಿವೆ.

ಜಾಣರನ್ನೆಲ್ಲ ಒಂದೇ ಟೇಬಲಿನ ಸುತ್ತ ಕೂರಿಸಿದರೆ ತಂಡವೂ ಜಾಣತನದಿಂದ ಕೆಲಸ ಮಾಡುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗೇನೂ ಆಗುವುದಿಲ್ಲ. 2010ರಲ್ಲಿ ಸಂಶೋಧಕಿ ಅನಿತಾ ವೂಲಿ ಮತ್ತು ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 699 ಜನರನ್ನು ಎರಡರಿಂದ ಐದು ಮಂದಿಯ ಗುಂಪು ಮಾಡಿ, ಬೇರೆ ಬೇರೆ ಕೆಲಸ ಕೊಟ್ಟು ನೋಡಿದ್ದರು. ಗುಂಪಿನಲ್ಲಿದ್ದವರ ಸರಾಸರಿ ಬುದ್ಧಿಮತ್ತೆಗೂ ಗುಂಪು ಮಾಡಿದ ಕೆಲಸಕ್ಕೂ ಅಷ್ಟೇನೂ ಗಟ್ಟಿಯಾದ ನಂಟು ಕಾಣಲಿಲ್ಲ. ಎದುರಿಗಿದ್ದವರ ಮುಖ ನೋಡಿ ಮನಸ್ಸು ಅರಿಯಬಲ್ಲವರು ಇದ್ದ ಗುಂಪುಗಳು ಮುಂದಿದ್ದವು. ಒಬ್ಬಿಬ್ಬರೇ ಮಾತಾಡದೆ ಎಲ್ಲರಿಗೂ ಸರದಿ ಸಿಕ್ಕ ಗುಂಪುಗಳೂ ಮುಂದಿದ್ದವು.

ಮುಖ ನೋಡಿ ಮನಸ್ಸು ಅರಿಯುವುದನ್ನು ಕಲಿಸುವುದು ಕಷ್ಟ. ಮಾತಿನ ಸರದಿ ಬದಲಿಸುವುದಾದರೆ ನಾಳೆ ಬೆಳಿಗ್ಗೆಯೇ ಆಗುವ ಕೆಲಸ. ಅದಕ್ಕೇ ನನ್ನ ಸಲಹೆ: ಜನರ ಸ್ವಭಾವ ತಿದ್ದಲು ಹೋಗಬೇಡಿ, ಮೀಟಿಂಗ್ ನಡೆಸುವ ರೀತಿ ತಿದ್ದಿ. ಆರರಿಂದ ಹತ್ತು ಜನರ ತಂಡ ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸಂಸ್ಥೆ ಎಷ್ಟೇ ದೊಡ್ಡದಿರಲಿ, ಇಂಥ ಒಂದು ತಂಡದಿಂದಲೇ ಶುರು ಮಾಡಬೇಕು.

ಮೊದಲ ಹೆಜ್ಜೆ: ಮಾತಿನ ಸರದಿ ತಿರುಗಿಸಿ

ಸಾಮಾನ್ಯವಾಗಿ ಏನಾಗುತ್ತದೆ? ಮ್ಯಾನೇಜರ್ ಹತ್ತು ನಿಮಿಷ ತಮ್ಮ ಯೋಜನೆ ವಿವರಿಸುತ್ತಾರೆ. 'ಏನಂತೀರಾ?' ಎಂದು ಕೇಳುತ್ತಾರೆ. ಹಿರಿಯರೊಬ್ಬರು 'ಚೆನ್ನಾಗಿದೆ ಸರ್' ಅನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. ಉಳಿದವರು ಗೋಣು ಆಡಿಸುತ್ತಾರೆ. ನಿಜವಾದ ಚರ್ಚೆ ಬಾಗಿಲ ಆಚೆ ನಡೆಯುತ್ತದೆ: 'ಇದು ಆಗೋ ಹೋಗೋ ಮಾತಲ್ಲ ಬಿಡಿ.'

ಇದು ಪುಕ್ಕಲುತನ ಎಂದು ಬಯ್ಯುವ ಮೊದಲು 1951ರಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಪ್ರಕಟಿಸಿದ ಪ್ರಯೋಗವನ್ನು ನೆನಪಿಸಿಕೊಳ್ಳಿ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಕೇಳುತ್ತಿದ್ದರು. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರೇ. ಬೇಕೆಂತಲೇ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬ ವ್ಯಕ್ತಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಸಲ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿಬಿಡುತ್ತಿದ್ದ. ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದರೆ ಸಾಕು, ಇದು ಗಣನೀಯವಾಗಿ ಇಳಿಯುತ್ತಿತ್ತು. ಕೆಲಸ ಕಳೆದುಕೊಳ್ಳುವ ಭಯವಾಗಲಿ, ಬಡ್ತಿಯ ಆಸೆಯಾಗಲಿ ಇಲ್ಲದ ಕಡೆಯೇ ಹೀಗೆ. ಇನ್ನು ಸಂಬಳ ಕೊಡುವವರ ಎದುರು ಕೇಳಬೇಕೇ?

ಮಾಡಬೇಕಾದ್ದು ಹೀಗೆ. ವಿಷಯವನ್ನು ಎರಡೇ ನಿಮಿಷದಲ್ಲಿ ಹೇಳಿ, ನಿಮ್ಮ ಅಭಿಪ್ರಾಯ ಹೇಳಬೇಡಿ. ಎಲ್ಲರಿಗೂ ಒಂದು ನಿಮಿಷ ಬರೆದುಕೊಳ್ಳಲು ಬಿಡಿ. ಆಮೇಲೆ ತಂಡಕ್ಕೆ ತೀರಾ ಈಚೆಗೆ ಸೇರಿದವರಿಂದ ಶುರು ಮಾಡಿ, ಹಿರಿಯರ ಕಡೆಗೆ ಬನ್ನಿ. ನಿಮ್ಮ ಸರದಿ ಕೊನೆಯದು. ಆನ್‌ಲೈನ್ ಮೀಟಿಂಗ್ ಆದರೆ ಎಲ್ಲರೂ ಚಾಟ್‌ನಲ್ಲಿ ಟೈಪ್ ಮಾಡಿಟ್ಟುಕೊಂಡು, 'ಈಗ' ಎಂದಾಗ ಒಟ್ಟಿಗೇ ಕಳಿಸಲಿ. ಮೊದಲೆರಡು ಸಲ ಎಲ್ಲರಿಗೂ ಮುಜುಗರ ಆಗುತ್ತದೆ, ಆಗಲಿ. 'ನನ್ನದೂ ಅವರ ಹಾಗೇ' ಎಂದು ಯಾರಾದರೂ ಜಾರಿಕೊಂಡರೆ 'ನೀವು ಬರೆದದ್ದನ್ನೇ ಓದಿ, ಪರವಾಗಿಲ್ಲ' ಅನ್ನಿ. ಬರೆಸುವುದು ಅದಕ್ಕೇ.

ಎರಡನೇ ಹೆಜ್ಜೆ: ಕೆಟ್ಟ ಸುದ್ದಿ ತಂದವರನ್ನು ಕಾಪಾಡಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಇದೊಂದು ಕೈಕೊಟ್ಟರೆ ಉಳಿದದ್ದೆಲ್ಲ ಸುಮ್ನೆ.

1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಲೆಕ್ಕ. ಅಂಕಿಅಂಶ ತಿರುಗಾಮುರುಗಾ ಬಂತು: ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ಕಾರಣ ತಿಳಿಯಿತು. ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಕಂಪನಿಯೊಂದರ ತಂಡಗಳ ಮೇಲೂ ಅಧ್ಯಯನ ಪ್ರಕಟಿಸಿದರು. ಮಾತಾಡಿದರೆ ಮರ್ಯಾದೆ ಹೋಗುವುದಿಲ್ಲ ಎಂಬ ಭರವಸೆ ಇರುವ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ಅದರಲ್ಲಿ ತೋರಿಸಿದರು. 2012ರಲ್ಲಿ ಗೂಗಲ್ ತನ್ನ ತಂಡಗಳನ್ನೇ ಪರೀಕ್ಷಿಸಲು ಹೊರಟಾಗ ಮೊದಲ ಸ್ಥಾನದಲ್ಲಿ ನಿಂತದ್ದೂ ಇದೇ ಗುಣ.

ಇಂಥ ಭರವಸೆ ಇಲ್ಲದಿದ್ದರೆ ಏನಾಗಬಹುದು? 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಒಂದು ವಿಮಾನ ಹಾರಲು ಓಡತೊಡಗಿತ್ತು, ಇನ್ನೊಂದು ಅದೇ ರನ್‌ವೇ ಮೇಲಿತ್ತು. ಹಾರಲು ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವಾ ಎಂದು ಕೇಳಿಯೂ ಕೇಳಿದರು. ಕ್ಯಾಪ್ಟನ್ ತುಂಬಾ ಅನುಭವಿ, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಬಿಟ್ಟಿದೆ ಎಂದು ಒತ್ತಿ ಹೇಳಿದರು. ಆಮೇಲೆ ಯಾರೂ ಮಾತೆತ್ತಲಿಲ್ಲ. ಎರಡೂ ವಿಮಾನಗಳಿಂದ 583 ಜನ ಸತ್ತರು. ಇಂಥ ಅಪಘಾತಗಳ ತನಿಖೆಯ ನಂತರ ನಾಸಾ 1979ರಲ್ಲಿ ಒಂದು ಕಾರ್ಯಾಗಾರ ನಡೆಸಿತು. 1980ರ ದಶಕದಲ್ಲಿ ವಿಮಾನ ಸಂಸ್ಥೆಗಳು ಹೊಸ ಬಗೆಯ ತರಬೇತಿ ಶುರು ಮಾಡಿದವು. ಕಿರಿಯರು ಅನುಮಾನವನ್ನು ಬಿಡದೆ ಎತ್ತಿ ಹೇಳುವುದು, ಹಿರಿಯರು ಅದನ್ನು ಕಿವಿಗೊಟ್ಟು ಕೇಳುವುದು, ಎರಡನ್ನೂ ಅಲ್ಲಿ ಕಲಿಸಲಾಯಿತು.

ಟೊಯೊಟಾ ಕಾರ್ಖಾನೆಗಳಲ್ಲಿ ಇದಕ್ಕೆ ಒಂದು ಹಗ್ಗವನ್ನೇ ಕಟ್ಟಿದ್ದರು. ಏನೋ ಸರಿಯಿಲ್ಲ ಅನಿಸಿದರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆಯಬಹುದು. ತಂಡದ ಮುಖ್ಯಸ್ಥ ಬಂದು ನೋಡುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಆಫೀಸಿನಲ್ಲಿ ಹಗ್ಗ ಕಟ್ಟಲು ಆಗುವುದಿಲ್ಲ. ಅಲ್ಲಿ ನಿಮ್ಮ ಮುಖವೇ ಹಗ್ಗ. 'ಮೇಡಂ, ಶುಕ್ರವಾರಕ್ಕೆ ಮುಗಿಯಲ್ಲ' ಎಂದು ಯಾರಾದರೂ ಹೇಳಿದ ಮೊದಲ ಐದು ಸೆಕೆಂಡ್ ನೀವು ಹುಬ್ಬು ಗಂಟು ಹಾಕಿದರೆ, ಮುಂದಿನ ಸಲ ಆ ಸುದ್ದಿ ಶುಕ್ರವಾರ ಸಂಜೆಯೇ ಬರುತ್ತದೆ. ಹಾಗಾಗಿ ಮೊದಲ ಉತ್ತರವನ್ನು ಬಾಯಿಪಾಠ ಮಾಡಿಕೊಳ್ಳಿ: 'ಈಗಲೇ ಹೇಳಿದ್ದು ಒಳ್ಳೆಯದಾಯಿತು. ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಏನು ಸಹಾಯ ಬೇಕು?' ಯಾಕೆ ಹೀಗಾಯಿತು ಎಂಬ ವಿಚಾರಣೆ ನಾಳೆಗಿರಲಿ. ವಿಚಾರಣೆಯೇ ಬೇಡ ಎಂದಲ್ಲ. ಕೆಲಸದ ಮಟ್ಟ ಇಳಿಸಿ, ಎಲ್ಲರನ್ನೂ ಖುಷಿಯಾಗಿಡಿ ಎಂದು ಯಾರೂ ಹೇಳುತ್ತಿಲ್ಲ. ಮಟ್ಟ ಎತ್ತರದಲ್ಲೇ ಇರಲಿ, ಭಯ ಮಾತ್ರ ಕೆಳಗಿಳಿಯಲಿ.

ಮೂರನೇ ಹೆಜ್ಜೆ: ಊಹಿಸಬೇಡಿ, ಕೇಳಿ

'ಅವರ ಜಾಗದಲ್ಲಿ ನಿಂತು ಯೋಚಿಸಿ' ಎಂಬ ಉಪದೇಶ ಎಲ್ಲ ತರಬೇತಿಗಳಲ್ಲೂ ಇರುತ್ತದೆ. ಕೇಳಲು ಚೆಂದ. 2018ರಲ್ಲಿ ಟಾಲ್ ಇಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 25 ಪ್ರಯೋಗಗಳಲ್ಲಿ ಇದನ್ನು ಪರೀಕ್ಷಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತಂತೆ ಕಲ್ಪಿಸಿಕೊಂಡವರ ಊಹೆ ಹೆಚ್ಚು ಸರಿಯಾಗಲಿಲ್ಲ. ತಮಗೆ ಗೊತ್ತು ಎಂಬ ವಿಶ್ವಾಸ ಮಾತ್ರ ಕೆಲವೊಮ್ಮೆ ಏರಿತು! ಎದುರಿಗಿರುವವರನ್ನೇ ಕೇಳಿ ತಿಳಿದುಕೊಂಡಾಗ ಊಹೆ ಸರಿಯಾಯಿತು.

ಅಂದರೆ ಅಕೌಂಟ್ಸ್ ವಿಭಾಗದವರು ಬಿಲ್ ಯಾಕೆ ತಡ ಮಾಡುತ್ತಾರೆ ಎಂದು ಮಾರಾಟದವರು ಕೂತು ಊಹಿಸಬೇಕಿಲ್ಲ. ಒಬ್ಬರು ಅರ್ಧ ದಿನ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂರಲಿ. ಮೂರೇ ಪ್ರಶ್ನೆ ಕೇಳಲಿ. ನಮ್ಮಿಂದ ಬರುವ ಯಾವ ಕಾಗದ ನಿಮಗೆ ಜಾಸ್ತಿ ತಲೆನೋವು? ಅದನ್ನು ಸರಿಮಾಡಲು ನೀವು ಏನು ಮಾಡುತ್ತೀರಿ? ನಾವು ಒಂದೇ ಒಂದು ವಿಷಯ ಬದಲಿಸುವುದಾದರೆ ಯಾವುದು? ಉತ್ತರ ಬರೆದುಕೊಂಡು, ಕೊನೆಗೆ 'ಹೀಗೆ ಹೇಳಿದ್ರಿ ಅಲ್ವಾ?' ಎಂದು ಓದಿ ಹೇಳಲಿ. ನಡುವೆ ತಮ್ಮ ವಿಭಾಗದ ಪರ ವಕಾಲತ್ತು ವಹಿಸಬಾರದು. ಇದು ಕಷ್ಟ, ನಾಲಿಗೆ ತುರಿಸುತ್ತದೆ.

ಹೆಸರು ಗೊತ್ತಿರುವುದೂ ದೊಡ್ಡ ವಿಷಯವೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ಒಂದು ಚೆಕ್‌ಲಿಸ್ಟ್ ತಂದಿತು. ಕತ್ತರಿ ಹಾಕುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂಬುದು ಅದರ ಒಂದು ಅಂಶ. ಎಂಟು ಆಸ್ಪತ್ರೆಗಳ ಪರೀಕ್ಷೆಯಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಪಟ್ಟಿಯಲ್ಲಿ ಇನ್ನೂ ಹತ್ತಾರು ಅಂಶಗಳಿವೆ, ಹೆಸರು ಹೇಳಿದ್ದರಿಂದಲೇ ಜೀವ ಉಳಿಯಿತು ಅನ್ನಲಾಗದು. ಆದರೂ ಬೇರೆ ಬೇರೆ ವಿಭಾಗದವರು ಸೇರುವ ಮೀಟಿಂಗ್‌ನಲ್ಲಿ ಇದಕ್ಕೆ ಒಂದು ನಿಮಿಷ ಕೊಡಿ. ಬಾಯಿ ತೆರೆದು ಹೆಸರು ಹೇಳಿದವರಿಗೆ ಎರಡನೇ ಸಲ ಬಾಯಿ ತೆರೆಯುವುದು ಸುಲಭ.

ನಾಲ್ಕನೇ ಹೆಜ್ಜೆ: ಐಡಿಯಾ ಒಬ್ಬೊಬ್ಬರೇ ಬರೆಯಲಿ, ಆಮೇಲೆ ಸೇರಿ ತಿದ್ದಲಿ

ಎಲ್ಲರೂ ಸೇರಿ ಬಾಯಿಗೆ ಬಂದ ಐಡಿಯಾ ಹೇಳುವ ಬ್ರೇನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಾಹೀರಾತು ರಂಗದ ಅಲೆಕ್ಸ್ ಆಸ್ಬರ್ನ್. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪರೀಕ್ಷಿಸಿದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದಾಗ ಐಡಿಯಾ ಜಾಸ್ತಿ ಬಂದವು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ಕಾರಣ ಹುಡುಕಿದರು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ತಮ್ಮದು ಮರೆತುಹೋಗುತ್ತದೆ, ಇಲ್ಲವೇ ಹೊಸದು ಹೊಳೆಯುವುದಿಲ್ಲ. ಅಷ್ಟಾದರೂ ಆಫೀಸುಗಳು ಈ ಚಾಳಿ ಬಿಟ್ಟಿಲ್ಲ, ಆಶ್ಚರ್ಯ!

ಒಂದು ಗಂಟೆಯ ಬೇರೆ ವಿಧಾನ ಇಲ್ಲಿದೆ. ಮೊದಲು ಪ್ರಶ್ನೆಯನ್ನು ಚೂಪು ಮಾಡಿ. 'ಗ್ರಾಹಕರ ಸೇವೆ ಸುಧಾರಿಸುವುದು ಹೇಗೆ?' ಎಂದರೆ ಬರುವುದು ಭಾಷಣ. 'ದೂರು ಕೊಟ್ಟವರಿಗೆ ಮೊದಲ ಉತ್ತರ ಸಿಗಲು ಎರಡು ದಿನ ಹಿಡಿಯುತ್ತಿದೆ. ಅರ್ಧ ದಿನಕ್ಕೆ ಇಳಿಸಲು ನಾವು ಯಾವ ಕೆಲಸ ಕೈಬಿಡಬಹುದು?' ಎಂದರೆ ಐಡಿಯಾ ಬರುತ್ತದೆ. ಪ್ರತಿಯೊಬ್ಬರಿಗೂ ಚೀಟಿಗಳನ್ನು ಕೊಡಿ, ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ. ಒಂದು ಚೀಟಿಗೆ ಒಂದೇ ಐಡಿಯಾ, ಹೆಸರು ಬೇಡ. ಎಲ್ಲವನ್ನೂ ಕಲಸಿ ಒಬ್ಬರು ಜೋರಾಗಿ ಓದಲಿ, ಒಂದೇ ಬಗೆಯವನ್ನು ಗೋಡೆಯ ಮೇಲೆ ಹತ್ತಿರ ಹತ್ತಿರ ಅಂಟಿಸಲಿ. ಓದುವಾಗ ಯಾರೂ ನಗುವಂತಿಲ್ಲ, ಮೂಗು ಮುರಿಯುವಂತಿಲ್ಲ. ಆಮೇಲೆ ಇಪ್ಪತ್ತು ನಿಮಿಷ ಬರೀ ಪ್ರಶ್ನೆ: ಇದು ಹೇಗೆ ನಡೆಯುತ್ತದೆ, ಯಾರಿಗೆ ಹೊರೆ, ಎರಡನ್ನು ಸೇರಿಸಬಹುದಾ? ಕೊನೆಗೆ ಪ್ರತಿಯೊಬ್ಬರೂ ತಮಗೆ ಹಿಡಿಸಿದ ಚೀಟಿಗಳ ಮೇಲೆ ಮೂರು ಚುಕ್ಕಿ ಇಟ್ಟು ಆರಿಸಲಿ. ಮುಖ್ಯಸ್ಥರ ಚುಕ್ಕಿ ಇಲ್ಲೂ ಕೊನೆಗೇ. ಗೆದ್ದದ್ದಕ್ಕೆ ಒಬ್ಬರ ಹೆಸರು, ಒಂದು ತಾರೀಕು ಬರೆದೇ ಕೋಣೆ ಬಿಡಿ.

ಐದನೇ ಹೆಜ್ಜೆ: ಸೋತ ಮೇಲೆ ಅಲ್ಲ, ಸೋಲುವ ಮೊದಲೇ ಕಾರಣ ಕೇಳಿ

ಇದನ್ನು ಮನೋವಿಜ್ಞಾನಿ ಗ್ಯಾರಿ ಕ್ಲೈನ್ 'ಪ್ರಿಮಾರ್ಟಮ್' ಎಂದು ಕರೆದರು. ಕೆಲಸ ಶುರುವಾಗುವ ಮುನ್ನ ತಂಡಕ್ಕೆ ಹೇಳಿ: 'ಒಂದು ವರ್ಷ ಕಳೆದಿದೆ, ಈ ಯೋಜನೆ ಪೂರ್ತಿ ನೆಲಕಚ್ಚಿದೆ. ಯಾಕೆ ಅಂತ ಬರೆಯಿರಿ.' ಆಗ ಅನುಮಾನ ಹೇಳುವುದು ಅಪಶಕುನ ನುಡಿದಂತೆ ಆಗುವುದಿಲ್ಲ, ಕೊಟ್ಟ ಕೆಲಸ ಮಾಡಿದಂತೆ ಆಗುತ್ತದೆ. ಹದಿನೈದು ನಿಮಿಷ ಸಾಕು.

ಆರನೇ ಹೆಜ್ಜೆ: ಸಮಯ ಕೊಡಿ, ಬಹುಮಾನದ ಲೆಕ್ಕ ನೋಡಿ

3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾಗಿ ಅಂಟದ ಒಂದು ಅಂಟು ತಯಾರಿಸಿದರು. ಅದಕ್ಕೆ ಉಪಯೋಗವೇ ಇರಲಿಲ್ಲ. ಆದರೂ ಅವರು ಅದರ ಬಗ್ಗೆ ಸಹೋದ್ಯೋಗಿಗಳಿಗೆ ಹೇಳುತ್ತಲೇ ಇದ್ದರು. ಭಜನೆ ಪುಸ್ತಕದಿಂದ ಗುರುತಿನ ಚೀಟಿ ಜಾರಿ ಬೀಳುತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈಗೆ 1974ರಲ್ಲಿ ಆ ಅಂಟು ನೆನಪಾಯಿತು. ಹೀಗೆ ಹುಟ್ಟಿದ, ಅಂಟಿಸಿ ಕಿತ್ತು ತೆಗೆಯಬಹುದಾದ ಪೋಸ್ಟ್-ಇಟ್ ಚೀಟಿ ಅಮೆರಿಕದ ಮಾರುಕಟ್ಟೆ ತುಂಬಾ ಬಂದದ್ದು 1980ರಲ್ಲಿ. ಕೆಲಸದ ಹೊತ್ತಿನಲ್ಲಿ ಶೇ 15ರಷ್ಟನ್ನು ಸ್ವಂತ ಐಡಿಯಾಗಳಿಗೆ ಬಳಸಬಹುದು ಎಂಬ ಪದ್ಧತಿ ಆ ಕಂಪನಿಯಲ್ಲಿತ್ತು. ಇದನ್ನು ಕೇಳಿ ಎಷ್ಟೋ ಸಂಸ್ಥೆಗಳು 'ನೀವೂ ಹೊಸದು ಮಾಡಿ' ಎಂದು ಘೋಷಿಸುತ್ತವೆ, ಇರುವ ಕೆಲಸದಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ. ಅದು ರಜಾದಿನದಲ್ಲಿ ಮಾಡುವ ಕೆಲಸವಾಗುತ್ತದೆ ಅಷ್ಟೇ. ವಾರಕ್ಕೆ ಎರಡು ಗಂಟೆ ಕೊಡುವುದಾದರೆ, ಎರಡು ಗಂಟೆಯ ಯಾವ ವರದಿ ನಿಲ್ಲಿಸುತ್ತೀರಿ ಎಂದು ಮೊದಲು ಹೇಳಿ.

ಬಹುಮಾನದ ವಿಷಯವೂ ಅಷ್ಟೇ. ತಂಡದವರನ್ನು ಒಬ್ಬರ ಕೆಳಗೆ ಒಬ್ಬರಂತೆ ಸಾಲಾಗಿ ನಿಲ್ಲಿಸಿ ರೇಟಿಂಗ್ ಕೊಟ್ಟರೆ, ಪಕ್ಕದವರಿಗೆ ಸಹಾಯ ಮಾಡುವುದು ಸ್ವಂತ ಸಂಬಳಕ್ಕೆ ಕೊಡಲಿ ಹಾಕಿಕೊಂಡಂತೆ. ಮೈಕ್ರೋಸಾಫ್ಟ್ ಇಂಥ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು. ನಿಮ್ಮ ಸಂಸ್ಥೆಯ ನಿಯಮ ಬದಲಿಸುವ ಅಧಿಕಾರ ನಿಮಗಿಲ್ಲದಿರಬಹುದು. ವರ್ಷದ ಕೊನೆಯ ಮಾತುಕತೆಯಲ್ಲಿ 'ಈ ವರ್ಷ ನೀವು ಯಾರ ಕೆಲಸ ಸುಲಭ ಮಾಡಿದಿರಿ?' ಎಂಬ ಪ್ರಶ್ನೆ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಮಾತು, ಗೋಡೆ ಒಡೆಯುವ ಬಗ್ಗೆ. ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿದರೆ ಒಡನಾಟ ಬೆಳೆಯುತ್ತದೆ ಎಂಬ ನಂಬಿಕೆ ಇದೆ. 2018ರಲ್ಲಿ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎರಡು ಕಂಪನಿಗಳಲ್ಲಿ ಅಳೆದು ನೋಡಿದಾಗ, ಗೋಡೆ ತೆಗೆದ ಮೇಲೆ ಮುಖಾಮುಖಿ ಮಾತು ಸುಮಾರು ಶೇ 70ರಷ್ಟು ಇಳಿದಿತ್ತು. ಜನ ಹೆಡ್‌ಫೋನ್ ಹಾಕಿಕೊಂಡು ಇಮೇಲ್ ಕಳಿಸತೊಡಗುತ್ತಾರೆ. ಆ ದುಡ್ಡು ಉಳಿಸಿ.

ಫಲ ಸಿಗುತ್ತಿದೆಯಾ ಎಂದು ನೋಡುವುದು ಹೇಗೆ?

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ತಿಂಗಳು ಸರದಿ ಮತ್ತು ಕೆಟ್ಟ ಸುದ್ದಿ, ಎರಡೇ. ಮೀಟಿಂಗ್‌ನಲ್ಲಿ ಯಾರು ಎಷ್ಟು ಸಲ ಮಾತಾಡಿದರು ಎಂದು ಒಂದು ಹಾಳೆಯಲ್ಲಿ ಗೀಟು ಹಾಕಿ. ಇಡೀ ತಿಂಗಳು ಒಬ್ಬರ ಹೆಸರಿನ ಮುಂದೆ ಗೀಟೇ ಇಲ್ಲದಿದ್ದರೆ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿ, ಎಲ್ಲರೆದುರು ಅಲ್ಲ. ಇನ್ನೊಂದು ಹಾಳೆಯಲ್ಲಿ, ನಿಮ್ಮ ತನಕ ಬಂದ ಪ್ರತಿ ಕೆಟ್ಟ ಸುದ್ದಿಯ ತಾರೀಕು, ಅದು ಗಡುವಿಗೆ ಎಷ್ಟು ದಿನ ಮೊದಲು ಬಂತು ಎಂದು ಬರೆಯಿರಿ. ಆ ಅಂತರ ಹಿಗ್ಗುತ್ತಿದ್ದರೆ ಮೂರನೇ ಹೆಜ್ಜೆಗೆ ಹೋಗಬಹುದು. ಎರಡು ತಿಂಗಳಾದರೂ ಆ ಹಾಳೆ ಖಾಲಿ ಇದ್ದರೆ ತಂಡದಲ್ಲಿ ತೊಂದರೆಯೇ ಇಲ್ಲ ಎಂದು ತಿಳಿಯಬೇಡಿ. ಕಳೆದ ಸಲ ಯಾರೋ ಏನೋ ಹೇಳಿದಾಗ ನೀವು ಏನಂದಿರಿ ಎಂದು ತಂಡದಲ್ಲಿ ನಿಮಗೆ ತೀರಾ ಆಪ್ತರಾದವರನ್ನು ಕೇಳಿ ತಿಳಿದುಕೊಳ್ಳಿ, ಎರಡನೇ ಹೆಜ್ಜೆಯನ್ನು ಮತ್ತೆ ಶುರು ಮಾಡಿ.