ಉಸಿರು ಸೋತಾಗ ಆಕ್ಸಿಜನ್ ಎಷ್ಟು ಕೊಡಬೇಕು?

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟಕ್ಕೆ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಹಿರಿಯರಿಗೆ ಏದುಸಿರು. ಬೆರಳಿಗೆ ಹಾಕಿದ ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಶೇ. 89 ಎಂದು ತೋರಿಸುತ್ತಿದೆ. ಮನೆಯಲ್ಲಿರುವ ಆಕ್ಸಿಜನ್ ಮಶಿನ್ ಅನ್ನು ಪೂರ್ತಿ ಜೋರು ಮಾಡಿಬಿಡೋಣ ಅನ್ನಿಸುತ್ತದೆ, ಅಲ್ವಾ? ತಡೆಯಿರಿ. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ, ಸೌದೆ ಒಲೆಯ ಹೊಗೆಯಲ್ಲೇ ಅಡುಗೆ ಮಾಡಿದವರಲ್ಲಿ ಕಾಣುವ ಈ ಕಾಯಿಲೆಗೆ ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 88ರಿಂದ 92. ಅದನ್ನು 99ಕ್ಕೆ ಏರಿಸಲು ಹೋದರೆ ತೊಂದರೆ ಜಾಸ್ತಿಯಾಗಬಹುದು.

ಉಸಿರಾಟಕ್ಕೆ ಎರಡು ಕೆಲಸ. ಆಕ್ಸಿಜನ್ ಒಳಗೆ ತರಬೇಕು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕಬೇಕು. ನ್ಯುಮೋನಿಯಾ, ಕೋವಿಡ್ ಬಂದಾಗ ಮೊದಲು ಕೆಡುವುದು ಒಂದನೆಯದು. ಸಿಒಪಿಡಿ ಉಲ್ಬಣಿಸಿದಾಗ ಎರಡನೆಯದೂ ಕೆಡುತ್ತದೆ. ನಾಗರಹಾವು ಕಚ್ಚಿದವರಲ್ಲಂತೂ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಉಸಿರೆಳೆಯುವ ಸ್ನಾಯುಗಳೇ ಸೋಲುತ್ತವೆ. ಎಲ್ಲವೂ ಉಸಿರಾಟ ವೈಫಲ್ಯವೇ, ಚಿಕಿತ್ಸೆ ಮಾತ್ರ ಬೇರೆ ಬೇರೆ.

ಸಿಒಪಿಡಿಯಲ್ಲಿ ಜಾಸ್ತಿ ಆಕ್ಸಿಜನ್ ಯಾಕೆ ಕೆಡುಕು? ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಸರಿಯಾಗಿ ಹೋಗುವುದಿಲ್ಲವೋ, ಅಲ್ಲಿಗೆ ದೇಹ ರಕ್ತವನ್ನೂ ಕಡಿಮೆ ಮಾಡಿರುತ್ತದೆ. ಬುದ್ಧಿವಂತ ಏರ್ಪಾಡು. ನಾವು ಆಕ್ಸಿಜನ್ ಸುರಿದರೆ ಆ ರಕ್ತನಾಳಗಳು ಮತ್ತೆ ತೆರೆದುಕೊಳ್ಳುತ್ತವೆ. ಗಾಳಿಯಾಡದ ಜಾಗದಲ್ಲಿ ರಕ್ತ ಸುಮ್ನೆ ಸುತ್ತುತ್ತದೆ, ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ‘ಆಕ್ಸಿಜನ್ ಕೊಟ್ಟರೆ ಮೆದುಳು ಉಸಿರಾಡುವುದನ್ನೇ ಬಿಡುತ್ತದೆ’ ಎಂಬ ಹಳೇ ವಿವರಣೆ ಪೂರ್ತಿ ಸರಿಯಲ್ಲ. ಹಾಗಂತ ಹೆದರಿ ಆಕ್ಸಿಜನ್ ನಿಲ್ಲಿಸಲೂಬೇಡಿ. ಅದು ಇನ್ನೂ ಬೇಗ ಪ್ರಾಣ ತೆಗೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಮನುಷ್ಯನನ್ನು ನೋಡಿ, ಮಶಿನ್ ಆಮೇಲೆ. ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ದೊಡ್ಡವರಲ್ಲಿ 12ರಿಂದ 20 ಸಹಜ, 25 ದಾಟಿದರೆ ಎಚ್ಚರ, 30 ಅಂದರೆ ತುರ್ತು. ಒಂದು ವಾಕ್ಯ ಮುಗಿಸಲು ಆಗುತ್ತಿಲ್ಲವೇ, ತುಟಿ ನೀಲಿಯಾಗಿದೆಯೇ, ಉಸಿರೆಳೆಯುವಾಗ ಕತ್ತಿನ ಸ್ನಾಯು ಎದ್ದು ಕಾಣುತ್ತಿದೆಯೇ ನೋಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮಂಪರು. ಏದುಸಿರು ಬಿಡುತ್ತಿದ್ದವರು ಸುಮ್ಮನಾಗಿ ತೂಕಡಿಸಿದರೆ ಮನೆಯವರು ‘ಸದ್ಯ, ನಿದ್ದೆ ಬಂತು’ ಎಂದುಕೊಳ್ಳುತ್ತಾರೆ. ಅದು ಕಾರ್ಬನ್ ಡೈಆಕ್ಸೈಡ್ ಏರಿದ ಲಕ್ಷಣ ಇರಬಹುದು. ತಲೆನೋವು, ತೊದಲು ಮಾತು, ಚಾಚಿದ ಕೈ ಪಟಪಟ ಬಡಿಯುವುದು ಇವೂ ಅದೇ. ಇದ್ಯಾವುದನ್ನೂ ಆಕ್ಸಿಮೀಟರ್ ಹೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ಆಕ್ಸಿಜನ್ ಮಾತ್ರ. ಅದೂ ಬೆರಳು ತಣ್ಣಗಿದ್ದರೆ, ಉಗುರುಬಣ್ಣ ಇದ್ದರೆ ತಪ್ಪು ತೋರಿಸಬಹುದು. ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವ ತನಕ ಕಾಯಿರಿ.

ಆಮೇಲೆ 108ಕ್ಕೆ ಫೋನ್. ಆಂಬುಲೆನ್ಸ್ ಬರುವವರೆಗೆ ಅಂಗಾತ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿ ದಿಂಬಿನ ಮೇಲೆ ಕೈಯೂರಲಿ. ವೈದ್ಯರು ಬರೆದುಕೊಟ್ಟ ಇನ್ಹೇಲರ್ ಅನ್ನು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಹಾಕಿ ಕೊಡಿ. ಆಕ್ಸಿಜನ್ ಅವರು ಹೇಳಿದ ಲೀಟರಿನಲ್ಲೇ ಇರಲಿ. ನಿದ್ದೆ ಮಾತ್ರೆ ಬೇಡವೇ ಬೇಡ.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಪರೀಕ್ಷೆ ಮಾಡುತ್ತಾರೆ. ಮಾಮೂಲಿ ಸೂಜಿಗಿಂತ ಸ್ವಲ್ಪ ಜಾಸ್ತಿ ನೋವು, ಆದರೆ ಎರಡೂ ಅನಿಲಗಳ ನಿಜವಾದ ಲೆಕ್ಕ ಸಿಗುವುದು ಅಲ್ಲೇ. ಇಲ್ಲಿನ ಅಂಕಿ ಆಕ್ಸಿಮೀಟರಿನ ಶೇಕಡಾ ಅಲ್ಲ, ಒತ್ತಡದ ಅಳತೆ (mmHg): ಆಕ್ಸಿಜನ್ ಒತ್ತಡ 60ಕ್ಕಿಂತ ಕೆಳಗಿದ್ದರೆ, ಅಥವಾ ಕಾರ್ಬನ್ ಡೈಆಕ್ಸೈಡ್ 45 ದಾಟಿ ರಕ್ತ ಆಮ್ಲೀಯವಾಗಿದ್ದರೆ ಉಸಿರಾಟ ವೈಫಲ್ಯ ಖಚಿತ. ಕಾರ್ಬನ್ ಡೈಆಕ್ಸೈಡ್ ಏರಿ ರಕ್ತ ಆಮ್ಲೀಯವಾಗಿದ್ದರೆ ಸಾಮಾನ್ಯವಾಗಿ ಬೈಪ್ಯಾಪ್ ಹಾಕುತ್ತಾರೆ. ಬಿಗಿಯಾದ ಮಾಸ್ಕ್ ಮೂಲಕ ಗಾಳಿಯನ್ನು ಒತ್ತಿ ಕಳಿಸುವ ಯಂತ್ರ ಅದು. ಮೊದಲು ರೋಗಿಗೆ ಉಸಿರುಗಟ್ಟಿದಂತೆ ಅನ್ನಿಸಿ ಕಿತ್ತೆಸೆಯಲು ನೋಡುತ್ತಾರೆ. ಪಕ್ಕದಲ್ಲಿ ಕೂತು ಧೈರ್ಯ ಹೇಳುವವರು ಬೇಕು. ಇದರಿಂದ ಎಷ್ಟೋ ಜನರಿಗೆ ಗಂಟಲಿಗೆ ಟ್ಯೂಬ್ ಹಾಕುವುದು ತಪ್ಪುತ್ತದೆ. ಜೊತೆಗೆ ನೆಬುಲೈಸರ್, ಸ್ಟೀರಾಯ್ಡ್, ಸೋಂಕಿದ್ದರೆ ಆ್ಯಂಟಿಬಯೋಟಿಕ್. ಇಷ್ಟಾದರೂ ಸುಧಾರಿಸದಿದ್ದರೆ ವೆಂಟಿಲೇಟರ್.

ಡಿಸ್ಚಾರ್ಜ್ ದಿನ ಮೂರು ವಿಷಯ ಕೇಳಿಕೊಳ್ಳಿ: ಆಕ್ಸಿಜನ್ ಗುರಿ ಎಷ್ಟು, ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ. ಕಾಯಂ ಆಕ್ಸಿಜನ್ ಬರೆದಿದ್ದರೆ ಸಾಮಾನ್ಯವಾಗಿ ಕನಿಷ್ಠ 15 ಗಂಟೆ. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯನ್ನೂ ವಿಚಾರಿಸಿ. ಮಶಿನ್ ಓಡುವಾಗ ದೇವರ ದೀಪ, ಗ್ಯಾಸ್ ಒಲೆ ದೂರ ಇರಲಿ. ಮೂಗಿನಲ್ಲಿ ಪೈಪ್ ಇಟ್ಟುಕೊಂಡೇ ಬೀಡಿ ಹಚ್ಚುವವರಿದ್ದಾರೆ. ಹಾಗೆ ಮಾಡಿದರೆ ಪೈಪಿಗೇ ಬೆಂಕಿ ಹತ್ತಿ ಮುಖ ಸುಡುತ್ತದೆ.