"ಕವಡೆ ಮೋಸ ಮಾಡುತ್ತೆ": ಆಟಗಾರರ ದೂರನ್ನು ನಾವು ಓದುವ ಬಗೆ

ತುಮಕೂರಿನಲ್ಲಿ ಮೂರು ಜನ ಸೇರಿ ನಡೆಸುವ ಚಿಕ್ಕ ಗೇಮ್ ಸ್ಟುಡಿಯೊ ನಮ್ಮದು. ಮೊಬೈಲಿಗೆ ಚೌಕಾಬಾರ ಮಾಡಿದ್ದೇವೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು: "ಕವಡೆ ಮೋಸ ಮಾಡುತ್ತೆ. ಕಂಪ್ಯೂಟರಿಗೆ ಬರೀ ಬಾರ, ನಮಗೆ ಒಂದು, ಎರಡು." ಗೇಮ್ ಮಾಡುವವರು ಇಂಥದ್ದನ್ನೆಲ್ಲ ಓದುತ್ತಾರಾ ಅಂತ ಬಹಳ ಜನ ಕೇಳುತ್ತಾರೆ. ಓದುತ್ತೇವೆ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅಪರೂಪ. ದೂರಿನಲ್ಲಿ ಕಾರಣ ತಪ್ಪಿರಬಹುದು, ಪರಿಹಾರವಂತೂ ಸಾಮಾನ್ಯವಾಗಿ ತಪ್ಪಿರುತ್ತದೆ, ಆದರೂ ದೂರು ಸುಳ್ಳಾಗಿರುವುದು ಕಡಿಮೆ. ಈ ಕವಡೆಯ ದೂರನ್ನೇ ಬಿಚ್ಚಿ ನೋಡೋಣ.

ಮೊದಲು ಲೆಕ್ಕ. ನಾಲ್ಕು ಕವಡೆ, ಒಂದೊಂದೂ ಬಾಯಿ ಮೇಲಾಗಿಯೋ ಬೋರಲಾಗಿಯೋ ಬೀಳಬೇಕು. ಬಾಯಿ ಮೇಲಾದವು ಎಷ್ಟೋ ಅಷ್ಟು ಮನೆ: ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಸಮ ಸಾಧ್ಯತೆ ಅಂತ ಹಿಡಿದರೆ 16 ಎಸೆತಕ್ಕೆ ಒಂದು 4 ಸಲ, ಎರಡು 6 ಸಲ, ಮೂರು 4 ಸಲ, ಚೌಕ 1 ಸಲ, ಬಾರ 1 ಸಲ. ಕಾಯಿ ಇಳಿಸಲು ಚೌಕವೋ ಬಾರವೋ ಬೇಕು ಎಂಬ ನಿಯಮ ಇಟ್ಟುಕೊಂಡವರಿಗೆ ಎಂಟರಲ್ಲಿ ಒಂದು ಅವಕಾಶ. ಇಪ್ಪತ್ತು ಸಲ ಎಸೆದರೂ ಎರಡರಲ್ಲಿ ಒಂದೂ ಬೀಳದಿರುವ ಸಾಧ್ಯತೆ ಸುಮಾರು ನೂರಕ್ಕೆ 7. ಅಂದರೆ ಹದಿನಾಲ್ಕು ಹದಿನೈದು ಜನ ಆಡಿದರೆ ಒಬ್ಬರು ಇಪ್ಪತ್ತು ಎಸೆತ ಕೈ ಕಟ್ಟಿಕೊಂಡು ಕೂರುತ್ತಾರೆ, ಎದುರಿನ ಕಂಪ್ಯೂಟರ್ ಹಾಯಾಗಿ ಕಾಯಿ ನಡೆಸುತ್ತಿರುತ್ತದೆ. ಒಂದು ಸ್ಟಾರ್ ಕೊಡುವವರು ಅವರೇ. ಗೆದ್ದವರು ಕವಡೆಯ ಬಗ್ಗೆ ಏನೂ ಬರೆಯುವುದಿಲ್ಲ.

ಲೆಕ್ಕ ಸರಿಯಿದೆ ಅಂತ ಅಲ್ಲಿಗೇ ಬಿಟ್ಟರೆ ತಪ್ಪು, ಕೋಡ್ ನೋಡಲೇಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಪ್ರತಿ ಎಸೆತಕ್ಕೂ ಹೊಸದಾಗಿ ರ್‍ಯಾಂಡಮ್ ಆಬ್ಜೆಕ್ಟ್ ಮಾಡಿ ಅದಕ್ಕೆ ಗಡಿಯಾರದ ಸೆಕೆಂಡನ್ನು ಸೀಡ್ (ಎಸೆತಗಳೆಲ್ಲ ಹುಟ್ಟುವ ಮೊದಲ ಸಂಖ್ಯೆ) ಆಗಿ ಕೊಡುವುದು. ಒಂದೇ ಸೆಕೆಂಡಿನಲ್ಲಿ ಎರಡು ಎಸೆತ ಬಿದ್ದರೆ ಎರಡಕ್ಕೂ ಅದೇ ಫಲ. ಬಾರ ಬಿದ್ದ ಮೇಲೆ ಮರು ಎಸೆತ ಉಂಟಲ್ಲ, ಕಂಪ್ಯೂಟರ್ ಅದನ್ನು ತಕ್ಷಣ ಎಸೆಯುತ್ತದೆ, ಮತ್ತೆ ಬಾರ ಬೀಳುತ್ತದೆ. ಮನುಷ್ಯ ಬಟನ್ ಒತ್ತುವಷ್ಟರಲ್ಲಿ ಸೆಕೆಂಡ್ ದಾಟಿರುತ್ತದೆ, ಅವನಿಗೆ ಆ ಲಾಭ ಇಲ್ಲ. ಆಗ "ಮೋಸ" ಎಂಬ ದೂರು ಅಕ್ಷರಶಃ ನಿಜ. ಪರೀಕ್ಷೆ ಸುಲಭ: ಪರದೆ ಇಲ್ಲದೆ 1 ಲಕ್ಷ ಎಸೆತ ಓಡಿಸಿ, ಬಾರ 6,250ರ ಆಸುಪಾಸು ಬರಬೇಕು. 6,100ರಿಂದ 6,400ರ ಒಳಗಿದ್ದರೆ ಚಿಂತೆಯಿಲ್ಲ. ಆದರೆ ಮೊತ್ತ ಸರಿ ಬಂದರೆ ಸಾಲದು. ಬಾರದ ಹಿಂದೆಯೇ ಬಾರ ಎಷ್ಟು ಸಲ ಬಂತು ಅಂತಲೂ ಎಣಿಸಬೇಕು, ಅದು 256 ಎಸೆತಕ್ಕೆ ಒಂದು ಜೋಡಿಯಂತೆ ಇರಬೇಕು. ಮೊತ್ತದಲ್ಲಿ ತಪ್ಪಿಸಿಕೊಂಡ ಸೀಡ್ ತಪ್ಪು ಈ ಎರಡನೇ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ಬಗೆಯ ದೂರೂ ಬರುತ್ತದೆ: "ನಮ್ಮನೇಲಿ ಆಡಿದ್ರೆ ಚೌಕ ಜಾಸ್ತಿ ಬೀಳುತ್ತೆ, ನಿಮ್ಮದರಲ್ಲಿ ಬೀಳಲ್ಲ." ಇದನ್ನು ನಕ್ಕು ಬಿಡಬೇಡಿ, ಹೇಳುವವರು ಸರಿ. ಕವಡೆ ನಾಣ್ಯ ಅಲ್ಲ. ಬೆನ್ನಿನ ಉಬ್ಬು, ಒಳಗಿನ ತೂಕ, ಹಳೆಯ ಕವಡೆಯ ಸವೆತ ಎಲ್ಲ ಸೇರಿ ಬಾಯಿ ಮೇಲಾಗುವ ಪಾಲು ಅರ್ಧಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆ ಪಾಲು ನೂರಕ್ಕೆ 60 ಇದ್ದರೆ 100 ಎಸೆತಕ್ಕೆ ಚೌಕ ಸುಮಾರು 13, ಬಾರ ಎರಡೋ ಮೂರೋ. ಪಾಲು 40 ಆದರೆ ಇದು ತಲೆಕೆಳಗು: ಬಾರ 13, ಚೌಕ ಎರಡೋ ಮೂರೋ. ಎಷ್ಟೋ ವರ್ಷ ಒಂದೇ ಡಬ್ಬಿಯ ಕವಡೆಯಲ್ಲಿ ಆಡಿದ ಕೈಗೆ ಈ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ? ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ "ಮನೆ ಕವಡೆ" ಅಂತ ಒಂದು ಜಾಗ ಇಟ್ಟಿದ್ದೇವೆ. ನಿಮ್ಮ ನಾಲ್ಕು ಕವಡೆಯನ್ನು 50 ಸಲ ಎಸೆಯಿರಿ, ಬಾಯಿ ಮೇಲಾಗಿದ್ದನ್ನು ಒಟ್ಟು ಎಣಿಸಿ. 200ರಲ್ಲಿ ಬಂದ ಸಂಖ್ಯೆಯನ್ನು ಅರ್ಧ ಮಾಡಿದರೆ ಶೇಕಡಾವಾರು ಸಿಗುತ್ತದೆ, ಅದನ್ನು ತುಂಬಿ. 25 ಸಲ ಎಸೆದರೆ ಸಾಲದು, ಅಳತೆ ಐದಾರು ಅಂಶ ಅತ್ತಿತ್ತ ವಾಲುತ್ತದೆ. ಈ ಪಾಲು ಆಟಗಾರನಿಗೂ ಕಂಪ್ಯೂಟರಿಗೂ ಒಂದೇ.

ಎಲ್ಲ ಸರಿಯಿದ್ದೂ ದೂರು ನಿಲ್ಲದಿದ್ದರೆ ಕಣ್ಣಿಗೆ ಕಾಣುವುದನ್ನು ನೋಡಬೇಕು. ಕಂಪ್ಯೂಟರಿನ ಎಸೆತ, ನಡೆ, ಮರು ಎಸೆತ ಎಲ್ಲ ಅರ್ಧ ಸೆಕೆಂಡಿನಲ್ಲಿ ಮುಗಿದರೆ ಆಟಗಾರನಿಗೆ ಕಾಣುವುದು ತನ್ನ ಕಾಯಿ ಹೊಡೆತ ತಿಂದದ್ದು ಮಾತ್ರ. ಪ್ರತಿ ಎಸೆತಕ್ಕೆ 0.8 ಸೆಕೆಂಡ್ ಕೊಟ್ಟು, ಬಿದ್ದ ಸಂಖ್ಯೆಯನ್ನು ದೊಡ್ಡದಾಗಿ ತೋರಿಸಿ, ಇಬ್ಬರ ಕೊನೆಯ ಹನ್ನೆರಡು ಎಸೆತಗಳನ್ನು ಮಣೆಯ ಪಕ್ಕದಲ್ಲೇ ಬರೆದಿಟ್ಟ ಮೇಲೆ ದೂರಿನ ಧಾಟಿಯೇ ಬದಲಾಯಿತು. "ಮೋಸ" ಹೋಗಿ "ಅದೃಷ್ಟ ಇಲ್ಲ" ಬಂತು. ಕವಡೆ ಉರುಳುವುದನ್ನು ಫಿಸಿಕ್ಸ್ ಎಂಜಿನ್‌ಗೆ ಬಿಟ್ಟು ಬಿದ್ದದ್ದನ್ನು ಓದಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕವಡೆ ಅಂಚಿಗೆ ಒರಗಿ ನಿಂತರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಫಲ ಮೊದಲು ತೀರ್ಮಾನವಾಗಲಿ, ಆನಿಮೇಷನ್ ಅದಕ್ಕೆ ಹೊಂದಿಕೊಳ್ಳಲಿ.

ಆಟಗಾರನ ಮನಸ್ಸಿನ ಲೆಕ್ಕಕ್ಕೆ ಯಂತ್ರದ ಲೆಕ್ಕವನ್ನೇ ಬಗ್ಗಿಸಿದವರೂ ಇದ್ದಾರೆ. ಜಪಾನಿನ ಫೈರ್ ಎಂಬ್ಲೆಮ್ ಸರಣಿಯಲ್ಲಿ 2002ರ ಆಟದಿಂದ ಎರಡು ರ್‍ಯಾಂಡಮ್ ಸಂಖ್ಯೆಗಳ ಸರಾಸರಿ ತೆಗೆಯುವ ಕ್ರಮ ಬಂತು. ಪರದೆಯಲ್ಲಿ ನೂರಕ್ಕೆ 90 ಎಂದು ಕಂಡ ಏಟು ನಿಜದಲ್ಲಿ 98ರ ಹತ್ತಿರ ತಗಲುತ್ತದೆ, ಏಕೆಂದರೆ 90 ಅಂದರೆ ಜನ "ತಪ್ಪುವುದೇ ಇಲ್ಲ" ಅಂತ ಓದಿಕೊಳ್ಳುತ್ತಾರೆ. ಚೌಕಾಬಾರಕ್ಕೆ ಈ ಉಪಾಯ ನಮಗೆ ಒಗ್ಗಲಿಲ್ಲ. ಅಜ್ಜಿಯರು ಆಡುವ ಆಟ ಇದು, ಕವಡೆಯನ್ನು ತಿದ್ದಿದರೆ ಅವರು ಹಿಡಿಯುತ್ತಾರೆ.

ಇಷ್ಟೆಲ್ಲ ಹುಡುಕಬೇಕಾದರೆ ದೂರಿನ ಜೊತೆ ಆಟವೂ ಬರಬೇಕು. ಮೆನುವಿನ "ದೂರು ಕಳಿಸಿ" ಬಟನ್ ಒತ್ತಿದರೆ ಆ್ಯಪ್‌ನ ವರ್ಷನ್, ಫೋನ್ ಮಾಡೆಲ್, ಆಂಡ್ರಾಯ್ಡ್ ವರ್ಷನ್, ಸೀಡ್, ಮೊದಲಿನಿಂದ ಆದ ಎಸೆತ ಮತ್ತು ನಡೆಗಳ ಪಟ್ಟಿ, ಇಷ್ಟು ತಾನೇ ಅಂಟಿಕೊಂಡು ಬರುತ್ತದೆ. ಹೆಸರು, ಫೋನ್ ನಂಬರ್ ನಮಗೆ ಬೇಡ. ಸೀಡ್ ಮತ್ತು ನಡೆ ಇದ್ದರೆ ಅದೇ ಆಟವನ್ನು ಇಲ್ಲಿ ಕೂತು ಮರಳಿ ಆಡಿಸಬಹುದು. ಮರಳಿ ಆಡಿಸಲು ಸಾಧ್ಯವಾದ ದೂರು ಸಾಮಾನ್ಯವಾಗಿ ಅದೇ ವಾರ ಮುಗಿಯುತ್ತದೆ, ಆಗದ್ದು ತಿಂಗಳುಗಟ್ಟಲೆ ಕೊಳೆಯುತ್ತದೆ. ಡೆವಲಪರ್‌ಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಮಾತಿನ ಹಿಂದೆ ಅರ್ಧ ಇದೇ ಇರುತ್ತದೆ.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರ ದೂರು ಬೇರೆ ಥರ: "ಹಿರೇಹಳ್ಳಿ ದಾಟೋದ್ರೊಳಗೆ ಆಟ ಹೋಯ್ತು, ನಾನು ಸೋತೆ ಅಂತ ತೋರಿಸ್ತು." ಇದರಲ್ಲಿ ಎರಡು ಬೇರೆ ಬೇರೆ ರೋಗ ಸೇರಿಕೊಂಡಿರುತ್ತವೆ. ಒಂದು, ನೆಟ್ ಕ್ಷಣ ಕಡಿದರೂ ಸಂಪರ್ಕ ಸತ್ತು ಸರ್ವರ್ ಆಟಗಾರ ಎದ್ದುಹೋದ ಅಂತ ಲೆಕ್ಕ ಹಾಕುವುದು. ಅದಕ್ಕೆ 60 ಸೆಕೆಂಡ್ ಕಾಯುವ ಗಡುವು ಕೊಟ್ಟು, ಪ್ರತಿ ನಡೆಗೂ ಕ್ರಮಸಂಖ್ಯೆ ಹಾಕಬೇಕು. ಇಲ್ಲದಿದ್ದರೆ ನೆಟ್ ಮರಳಿದಾಗ ಅದೇ ನಡೆ ಎರಡು ಸಲ ಹೋಗಿ, ಬಾರ ಬಿದ್ದಿದ್ದರೆ ಕಾಯಿ ಎಂಟು ಮನೆ ಹೆಚ್ಚು ಓಡುತ್ತದೆ. ಎರಡು, 2 ಅಥವಾ 3 ಜಿಬಿ ರ್‍ಯಾಮ್‌ನ ಫೋನಿನಲ್ಲಿ ಕರೆ ಬಂದಾಗ ಆಂಡ್ರಾಯ್ಡ್ ನಮ್ಮ ಆಟವನ್ನು ಸದ್ದಿಲ್ಲದೆ ಕೊಲ್ಲುವುದು. ಆಟ ಮುಚ್ಚುವಾಗ ಸೇವ್ ಮಾಡೋಣ ಅಂತ ಕಾದರೆ ಆ ಕ್ಷಣ ಬರುವುದೇ ಇಲ್ಲ. ಹಿನ್ನೆಲೆಗೆ ಸರಿದ ಕೂಡಲೇ, ಗೇಮ್ ಕಟ್ಟುವ ಯೂನಿಟಿ ಎಂಜಿನ್‌ನಲ್ಲಾದರೆ ಆನ್‌ಅಪ್ಲಿಕೇಷನ್‌ಪಾಸ್ ಬಂದಾಗಲೇ ಸೇವ್ ಆಗಿರಬೇಕು. ಎಸೆತದ ಫಲವನ್ನಂತೂ ಆನಿಮೇಷನ್‌ಗೂ ಮುಂಚೆ ಬರೆದಿಡಿ. "ಒಂದು" ಬಿದ್ದ ಕೂಡಲೇ ಆ್ಯಪ್ ಮುಚ್ಚಿ ತೆರೆದು ಮತ್ತೆ ಎಸೆಯುವ ಜಾಣರು ಎಲ್ಲ ಊರಲ್ಲೂ ಇದ್ದಾರೆ.

ಕನ್ನಡದ ಬಗ್ಗೆ ಬರುವ "ಅಕ್ಷರ ಒಡೆದಿದೆ" ಎಂಬ ದೂರಿಗೆ ಫಾಂಟ್ ಬದಲಿಸಿದರೆ ಏನೂ ಆಗುವುದಿಲ್ಲ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಒತ್ತು ಕೂಡಿಸುವುದಿಲ್ಲ. "ಶಕ್ತಿ" ಎಂಬುದು "ಶಕ್‌ತಿ" ಆಗುತ್ತದೆ, ಗುಡಿಸು ಕೂಡ ಬೇರೆ ನಿಲ್ಲುತ್ತದೆ. 2023ರಲ್ಲಿ ಬಂದ ಗೊಡೊ 4 ಎಂಬ ಇನ್ನೊಂದು ಎಂಜಿನ್ ಒತ್ತು ಕೂಡಿಸುವ ಹಾರ್ಫ್‌ಬಜ್ ಬಳಸುವುದರಿಂದ ಅಲ್ಲಿ ಈ ತಾಪತ್ರಯವಿಲ್ಲ. ಯೂನಿಟಿಯಲ್ಲೇ ಇರಬೇಕಾದವರು ಬದಲಾಗದ ಬರಹಗಳನ್ನು ಚಿತ್ರವಾಗಿ ಮಾಡಿಟ್ಟುಕೊಳ್ಳುವುದು ಸುಲಭದ ದಾರಿ. ಪರೀಕ್ಷೆಗೆ "ರಾಷ್ಟ್ರ", "ಸ್ತ್ರೀ", "ವಿದ್ಯಾರ್ಥಿ", "ಲಕ್ಷ್ಮಿ" ಈ ನಾಲ್ಕು ಪದ ಸಾಕು, ಅರ್ಕಾವತ್ತು ಮತ್ತು ಎರಡಂತಸ್ತಿನ ಒತ್ತು ಎರಡೂ ಸಿಗುತ್ತವೆ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಒತ್ತಿನ ಕೆಳತುದಿ ಕತ್ತರಿಸಿಹೋಗುವುದನ್ನೂ ನೋಡಿಕೊಳ್ಳಿ.

"ಗೇಮ್ ಸೂಪರ್ ಗುರು, ಆದ್ರೆ ಆ್ಯಡ್ ಜಾಸ್ತಿ" ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಟದ ನಡುವೆ ಆ್ಯಡ್ ಇಲ್ಲ, ಮೂರು ಆಟಕ್ಕೊಂದು, ಎಸೆಯುವ ಬಟನ್ ಹತ್ತಿರ ಬ್ಯಾನರ್ ಇಲ್ಲ. ತಪ್ಪಿ ಬೆರಳು ತಗಲುವ ಕಡೆ ಆ್ಯಡ್ ಇಡುವುದನ್ನು ಗೂಗಲ್ಲಿನ ಜಾಹೀರಾತು ಸೇವೆ ಆ್ಯಡ್‌ಮಾಬ್ ನಿಯಮವೇ ಒಪ್ಪುವುದಿಲ್ಲ. ಪೂರ್ತಿ ತೆಗೆಯಿರಿ ಅಂದರೆ ಆಗದು, ಸರ್ವರ್ ಬಾಡಿಗೆ ಅದರಿಂದಲೇ ಬರಬೇಕು, ಹಾಗಂತ ನೇರವಾಗಿ ಹೇಳಿಬಿಡುತ್ತೇವೆ. ನಿಯಮದ ಜಗಳವೂ ಹಾಗೆಯೇ. ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ, ಕಾಯಿ ಹೊಡೆಯಬಾರದ ಕಟ್ಟೆಯ ಮನೆಯಲ್ಲಿ ಎರಡು ಕಡೆಯವರ ಕಾಯಿ ಕೂರಬಹುದೇ ಎಂಬುದು ಮನೆಯಿಂದ ಮನೆಗೆ ಬೇರೆ. ಯಾರ ಮಾತೂ ತಪ್ಪಲ್ಲ, ಆಟ ಶುರುವಾಗುವ ಮುಂಚೆ ಕೇಳಿಬಿಡುವುದು ಮೇಲು.

ದೊಡ್ಡ ಕಂಪನಿಗಳ ವಿಷಯಕ್ಕೆ ಬಂದರೆ, ಬದಲಾಯಿಸಿದರು ಎಂಬ ಸುದ್ದಿ ಓದಿ ಸುಮ್ಮನಾಗದೆ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ಡಾರ್ತ್ ವೇಡರ್ ಪಾತ್ರಕ್ಕೆ 60,000 ಕ್ರೆಡಿಟ್ (ಆಟದೊಳಗಿನ ಹಣ) ಇಟ್ಟಿದ್ದರು. ಜನ ರೊಚ್ಚಿಗೆದ್ದ ಮೇಲೆ 15,000 ಮಾಡಿದರು. ಅದೇ ಹೊತ್ತಿಗೆ ಕಥೆಯ ಭಾಗ ಮುಗಿಸಿದವರಿಗೆ ಸಿಗುತ್ತಿದ್ದ ಬಹುಮಾನವನ್ನೂ 20,000ದಿಂದ 5,000ಕ್ಕೆ ಇಳಿಸಿದರು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡಂತೆ. ಗಲಾಟೆ ನಿಲ್ಲಲಿಲ್ಲ, ಬಿಡುಗಡೆಯ ಹಿಂದಿನ ದಿನ ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. 2024ರ ಮೇ ತಿಂಗಳಲ್ಲಿ ಪಿಸಿಯಲ್ಲಿ ಹೆಲ್‌ಡೈವರ್ಸ್ 2 ಆಡಲು ಪ್ಲೇಸ್ಟೇಷನ್ ಖಾತೆ ಕಡ್ಡಾಯ ಎಂದ ಸೋನಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಇವೆರಡೂ ಮೇಲಿನವರ ತೀರ್ಮಾನ, ಒಂದು ಸಹಿಯಿಂದ ಬದಲಾಗುವಂಥದ್ದು. ಆಟವೇ ಸರಿಯಿಲ್ಲ ಎಂಬ ದೂರಿಗೆ ವರ್ಷಗಳೇ ಹಿಡಿಯುತ್ತವೆ. 2016ರ ಆಗಸ್ಟ್‌ನಲ್ಲಿ ಬಂದ ನೋ ಮ್ಯಾನ್ಸ್ ಸ್ಕೈಗೆ ಸರಿಯಾದ ಮಲ್ಟಿಪ್ಲೇಯರ್ ಸೇರಿದ್ದು 2018ರ ಜುಲೈಯಲ್ಲಿ. 2010ರ ಫೈನಲ್ ಫ್ಯಾಂಟಸಿ 14ನ್ನು ಮೊದಲಿನಿಂದ ಕಟ್ಟಿ 2013ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟರು. ನಮ್ಮ ದೇಶದಲ್ಲಿ ಬಿಜಿಎಂಐ (ಪಬ್‌ಜಿಯ ಭಾರತದ ರೂಪ) ನಿಷೇಧ ಕಳೆದು 2023ರಲ್ಲಿ ಮರಳಿದಾಗ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಮಿತಿ ಹಾಕಲಾಯಿತು. ಅಂಥದ್ದರ ಬಗ್ಗೆ ಕೋಡ್ ಬರೆಯುವವನಿಗೆ ಬೈದು ಫಲವಿಲ್ಲ, ತೀರ್ಮಾನ ಅವನ ಮೇಜಿನ ಮೇಲಿರುವುದಿಲ್ಲ.

ನಮ್ಮಂಥವರಿಗೆ ಗೂಗಲ್ ಪ್ಲೇ ಕೂಡ ಒಂದು ಥರ ದೂರುದಾರನೇ. ದಿನದ ಬಳಕೆದಾರರಲ್ಲಿ ನೂರಕ್ಕೆ 1.09ಕ್ಕಿಂತ ಹೆಚ್ಚು ಜನರಿಗೆ ಆಟ ಕ್ರ್ಯಾಶ್ ಆಗುವುದು ಕಂಡರೆ, ಅಥವಾ 0.47ಕ್ಕಿಂತ ಹೆಚ್ಚು ಜನರಿಗೆ ಪರದೆ ಕಲ್ಲಾಗಿ ಕೂತರೆ, ಸ್ಟೋರ್‌ನಲ್ಲಿ ನಮ್ಮನ್ನು ಹಿಂದಕ್ಕೆ ತಳ್ಳಬಹುದು. ಒಂದೇ ಫೋನ್ ಮಾಡೆಲ್‌ನಲ್ಲಿ ಈ ಮಿತಿ ನೂರಕ್ಕೆ 8. "ವರ್ಸ್ಟ್ ಗೇಮ್" ಅಂತ ಎರಡೇ ಪದ ಬರೆದ ದೂರೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಿವ್ಯೂಗಳನ್ನು ಫೋನ್ ಮಾಡೆಲ್ ಮತ್ತು ವರ್ಷನ್ ಪ್ರಕಾರ ಜೋಡಿಸಿ, ಕ್ರ್ಯಾಶ್ ಪಟ್ಟಿಯ ಪಕ್ಕ ಇಡಿ. ಬೈಗುಳವೆಲ್ಲ ಒಂದೇ ಮಾಡೆಲ್‌ನಿಂದ ಬಂದಿದ್ದರೆ ಬೇರೇನೂ ಹುಡುಕಬೇಕಿಲ್ಲ.

ಹೊಸಬರು ವೈಯಕ್ತಿಕ ಖಾತೆಯಲ್ಲಿ ಆಟ ಬಿಡಬೇಕಾದರೆ ಮೊದಲು 12 ಜನ ಪರೀಕ್ಷಕರು 14 ದಿನ ಎಡೆಬಿಡದೆ ಸೇರಿಕೊಂಡಿರಬೇಕು. ಸ್ನೇಹಿತರನ್ನೇ ತುಂಬಬೇಡಿ, "ಚೆನ್ನಾಗಿದೆ ಮಗಾ" ಅಂದು ಮುಗಿಸುತ್ತಾರೆ. ಹಾಸ್ಟೆಲ್ ಹುಡುಗರು ನಾಲ್ಕು ಜನ, ಚೌಕಾಬಾರ ಬಲ್ಲ ಹಿರಿಯರು ನಾಲ್ಕು ಜನ, ಉಳಿದವರು ಆಟವೇ ಗೊತ್ತಿಲ್ಲದವರು ಇರಲಿ. ಫೋನ್ ಕೊಟ್ಟ ಮೇಲೆ ನೀವು ಬಾಯಿ ಬಿಡಬಾರದು. "ಅಲ್ಲಿ ಒತ್ತಿ ಅಜ್ಜಿ" ಅಂತ ನಿಮ್ಮ ಬಾಯಿಂದ ಬಂತೋ, ಆ ಬಟನ್ ತಪ್ಪು ಜಾಗದಲ್ಲಿದೆ ಅಂತ ಬರೆದುಕೊಳ್ಳಿ.

ಉತ್ತರಕ್ಕೆ ಪ್ಲೇ ಸ್ಟೋರ್ 350 ಅಕ್ಷರ ಕೊಡುತ್ತದೆ. "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ" ಎಂಬುದಕ್ಕೇ ಅದರಲ್ಲಿ ಸುಮಾರು ಹತ್ತನೇ ಒಂದು ಪಾಲು ಹೋಗುತ್ತದೆ, ಅದನ್ನು ಬಿಡಿ. ಯಾವ ವರ್ಷನ್‌ನಲ್ಲಿ ಏನು ಬದಲಾಯಿತು ಅಷ್ಟೇ ಹೇಳಿ. ಆದರೆ ಯಾವಾಗ ಹೇಳಬೇಕು ಎಂಬುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಹೊಸ ವರ್ಷನ್ ನೂರಕ್ಕೆ 5, 20, 50 ಹೀಗೆ ಹಂತ ಹಂತವಾಗಿ ಹೋಗುತ್ತಿರುತ್ತದೆ. 20ರಲ್ಲಿದ್ದಾಗಲೇ "ಸರಿಪಡಿಸಿದ್ದೇವೆ" ಅಂದರೆ ದೂರು ಕೊಟ್ಟವರು ಅಪ್‌ಡೇಟ್ ಹುಡುಕುತ್ತಾರೆ, ಸಿಗುವುದಿಲ್ಲ, ಹಳೆಯ ಒಂದು ಸ್ಟಾರಿನ ಕೆಳಗೆ "ಸುಳ್ಳುಗಾರರು" ಅಂತ ಸೇರಿಸುತ್ತಾರೆ. 100 ಮುಟ್ಟಿದ ಮೇಲೆ ಇನ್ನೂ ಒಂದು ದಿನ ಬಿಟ್ಟು ಉತ್ತರ ಬರೆಯಿರಿ.