ಹಾರ್ಡ್‌ವಿಕ್ ಹಾಲ್: ಬಾಗಿದ ಗೋಡೆ ಕಲಿಸಿದ್ದು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಆರ್ಕಿಟೆಕ್ಟ್‌ಗಳಿಗೆ ಕಟ್ಟಡಗಳ ಮಾಡೆಲ್ ಮಾಡಿಕೊಡುವುದು ನನ್ನ ಕೆಲಸ. ಅಪಾರ್ಟ್‌ಮೆಂಟ್, ಶಾಲೆ, ಆಫೀಸು, ಇಂಥವೇ ಜಾಸ್ತಿ. ಹಾರ್ಡ್‌ವಿಕ್ ಹಾಲ್ ಮಾತ್ರ ಯಾರೂ ಕೇಳದೆ, ನನ್ನ ಆಸೆಗೆ ಮಾಡಿಕೊಂಡಿದ್ದು.

ಡರ್ಬಿಶೈರ್‌ನ ಗುಡ್ಡವೊಂದರ ನೆತ್ತಿಯಲ್ಲಿ ಆ ಮನೆ ಇದೆ. 1590ರಲ್ಲಿ ಕೆಲಸ ಶುರುವಾಯಿತು, 1597ರಲ್ಲಿ ಒಡತಿ ವಾಸಕ್ಕೆ ಬಂದರು. ಅವರು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಜನ ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಅಂತ. ಪಾಯ ತೋಡುವ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ನಕ್ಷೆ ರಾಬರ್ಟ್ ಸ್ಮೈತ್‌ಸನ್ ಅವರದ್ದು ಎನ್ನುತ್ತಾರೆ. ನಮ್ಮ ಊರಿನ ವೊಲಟನ್ ಹಾಲ್ ಕೂಡ ಅವರದ್ದೇ. ಅವರ ಸಮಾಧಿಯೂ ವೊಲಟನ್‌ನ ಚರ್ಚಿನಲ್ಲೇ ಇದೆ. ಹಾಗಾಗಿ ಅವರು ನನಗೆ ಪಕ್ಕದ ಬೀದಿಯ ಹಿರಿಯರಂತೆ.

‘ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಜಾಸ್ತಿ’ ಅಂತ ಅಲ್ಲೊಂದು ಹಳೆಯ ಮಾತಿದೆ. ಎದುರು ನಿಂತರೆ ಅದು ನಿಜ ಅನಿಸುತ್ತದೆ. ಸಾಮಾನ್ಯವಾಗಿ ಮೇಲಿನ ಮಹಡಿಗೆ ಹೋದಂತೆ ಕಿಟಕಿ ಚಿಕ್ಕದಾಗುತ್ತದೆ, ಅಲ್ವಾ? ಇಲ್ಲಿ ಉಲ್ಟಾ. ಕೆಳಗೆ ಗಿಡ್ಡ, ನಡುವೆ ಎತ್ತರ, ತುದಿಯಲ್ಲಿ ಇನ್ನೂ ಎತ್ತರ. ರಾಣಿಯನ್ನೇ ಬರಮಾಡಿಕೊಳ್ಳಬಹುದಾದಂಥ ದೊಡ್ಡ ಕೋಣೆಗಳನ್ನು ತುತ್ತತುದಿಯ ಮಹಡಿಯಲ್ಲಿ ಇಟ್ಟಿದ್ದಾರೆ. ಅಲ್ಲಿಗೆ ಅಗಲವಾದ ಕಲ್ಲಿನ ಮೆಟ್ಟಿಲು ಸುತ್ತಿ ಸುತ್ತಿ ಹತ್ತುತ್ತದೆ.

ಸ್ಕೇಲ್ 1:100 ಇಟ್ಟುಕೊಂಡೆ. ಮೇಲಿನ ಮಹಡಿಯ ಲಾಂಗ್ ಗ್ಯಾಲರಿ ಎಂಬ ಉದ್ದನೆಯ ಹಜಾರ ಒಂದೇ ಸುಮಾರು 50 ಮೀಟರ್ ಉದ್ದ. ಮಾಡೆಲ್‌ನಲ್ಲಿ ಅರ್ಧ ಮೀಟರ್ ಆಯಿತು. ಮೊದಲು ಪಶ್ಚಿಮದ ಮುಂಭಾಗವನ್ನು ಒಂದೇ ಉದ್ದನೆಯ ಮೌಂಟ್ ಬೋರ್ಡ್‌ನಲ್ಲಿ, ಅಂದರೆ ಗಟ್ಟಿ ರಟ್ಟಿನಲ್ಲಿ, ಕತ್ತರಿಸಿದೆ. ಕಿಟಕಿಯ ಜಾಗ ತೆಗೆದು ಎತ್ತಿ ಹಿಡಿದರೆ ನೆನೆದ ಹಪ್ಪಳದಂತೆ ಬಾಗಿತು. ಎರಡನೇ ಸಲ ದಪ್ಪ ಬೋರ್ಡ್ ತಂದೆ. ಅದೂ ಬಾಗಿತು.

ಅಪ್ಪ ತಿಪಟೂರಿನಲ್ಲಿ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, “ಭಾರ ಎಲ್ಲಿ ಇಳಿಯುತ್ತೆ ಅಂತ ಹುಡುಕು ಮಗಾ. ಮುಂದಿರೋದು ಗೋಡೆ ಅಲ್ಲ, ಚೌಕಟ್ಟು” ಅಂದರು.

ಮಾರನೆಯ ಶನಿವಾರ ಹಾರ್ಡ್‌ವಿಕ್‌ಗೆ ಮತ್ತೆ ಹೋದೆ. ಈ ಸಲ ಕಿಟಕಿಯ ಕಡೆ ನೋಡಲಿಲ್ಲ, ಬೆಂಕಿಗೂಡುಗಳನ್ನು ನೋಡಿದೆ. ಅವು ಹೆಚ್ಚಾಗಿ ಒಳಗೋಡೆಗಳಲ್ಲಿವೆ. ಹೆಚ್ಚಿನ ಚಿಮಣಿಗಳು ಮನೆಯ ನಡುವಿನ ದಪ್ಪ ಗೋಡೆಗಳೊಳಗೇ ಮೇಲೆ ಹೋಗುತ್ತವೆ. ಹೊರಗೋಡೆಯಲ್ಲಿ ಹೆಚ್ಚು ಚಿಮಣಿ ಇಲ್ಲದ್ದರಿಂದ ಅಲ್ಲಿ ಅಷ್ಟೊಂದು ಗಾಜಿಗೆ ಜಾಗ ಸಿಕ್ಕಿದೆ. ಇನ್ನೊಂದು, ಆ ಆರು ಗೋಪುರಗಳು. ಉದ್ದದ ಎರಡೂ ಬದಿಗೆ ಎರಡೆರಡು, ಎರಡು ತುದಿಗೆ ಒಂದೊಂದು. ಅಂದಕ್ಕೆ ಮಾತ್ರ ಅಂದುಕೊಂಡಿದ್ದೆ. ಆದರೆ ಕಾಗದವನ್ನು ನೆಟ್ಟಗೆ ನಿಲ್ಲಿಸಿದರೆ ಬೀಳುತ್ತದೆ, ಮಡಿಕೆ ಹಾಕಿದರೆ ನಿಲ್ಲುತ್ತದೆ. ಗೋಪುರಗಳು ಆ ಗೋಡೆಯ ಮಡಿಕೆಗಳು.

ಮೂರನೇ ಸಲ ಒಳಗಿನ ಗೋಡೆಗಳನ್ನು ಮೊದಲು ನಿಲ್ಲಿಸಿದೆ. ಗೋಪುರಗಳನ್ನು ಮಡಚಿ ಕೂರಿಸಿದೆ. ಮುಂಭಾಗವನ್ನು ಕೊನೆಗೆ ಅಂಟಿಸಿದೆ. ಒಂದು ಕೂದಲೆಳೆಯಷ್ಟೂ ಬಾಗಲಿಲ್ಲ.

ಒಂದು ಎಚ್ಚರಿಕೆ. ಹೊರಗಿನ ಸಾಲು ತಪ್ಪಬಾರದು ಅಂತ ಕೆಲವು ಕಿಟಕಿಗಳನ್ನು ಬರೀ ನೋಟಕ್ಕೆ ಇಟ್ಟಿದ್ದಾರೆ. ಹಿಂದೆ ಕೋಣೆ ಇಲ್ಲ, ಚಿಮಣಿ ಇದೆ. ನಾನು ಅವಕ್ಕೆ ಹಿಂದಿನಿಂದ ಕಪ್ಪು ಕಾಗದ ಅಂಟಿಸಿದೆ.

ಗಾಜಿಗೆ ಓಎಚ್‌ಪಿ ಶೀಟ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹಾಕಿದ್ದೆ. ಬೆಳಕು ಬಿಟ್ಟರೆ ಇಡೀ ಮುಂಭಾಗ ಒಂದೇ ಕನ್ನಡಿಯಂತೆ ಹೊಳೆಯಿತು. ನಿಜವಾದ ಮನೆ ಹಾಗೆ ಹೊಳೆಯುವುದಿಲ್ಲ. ಅಲ್ಲಿ ಸೀಸದ ಪಟ್ಟಿಯಲ್ಲಿ ಕೂರಿಸಿದ ಚಿಕ್ಕ ಚಿಕ್ಕ ಗಾಜಿನ ತುಂಡುಗಳು. ಒಂದೊಂದೂ ಕೊಂಚ ಬೇರೆ ಬೇರೆ ವಾಲಿಕೊಂಡಿವೆ. ಸಂಜೆ ಬಿಸಿಲಿಗೆ ಒಂದು ತುಂಡು ಬಂಗಾರ, ಪಕ್ಕದ್ದು ನೀಲಿ, ಅದರ ಪಕ್ಕದ್ದು ಕಪ್ಪು. ಹಾಗಾಗಿ ಶೀಟ್‌ಗಳನ್ನೆಲ್ಲ ಬಿಚ್ಚಿ, ಸೂಜಿಯಿಂದ ಓರೆ ಗೆರೆ ಗೀಚಿ, ಬೆರಳಿಂದ ಹಿಂದಿನಿಂದ ಅಲ್ಲಲ್ಲಿ ಒತ್ತಿದೆ. ಮೂರು ವಾರ ಹಿಡಿಯಿತು. ಆಮೇಲೆ ಟಾರ್ಚ್ ಹಾಕಿದಾಗ ಗಾಜು ಮಿಣಮಿಣ ಅಂದಿತು. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಗಳಿಗೆ ಅದು.

ಗೋಪುರಗಳ ತಲೆಯ ಮೇಲೆ, ಆಕಾಶಕ್ಕೆ ಎದುರಾಗಿ, ಕಲ್ಲಿನಲ್ಲಿ ಕೊರೆದ ‘ಇ’ ‘ಎಸ್’ ಇಂಗ್ಲಿಷ್ ಅಕ್ಷರಗಳಿವೆ. ಎಲಿಜಬೆತ್ ಶ್ರೂಸ್‌ಬರಿ. ಬೋರ್ಡ್‌ನಲ್ಲಿ ಕತ್ತರಿಸಿದರೆ ‘ಎಸ್’ ನಡುವಿಗೇ ಮುರಿಯುತ್ತಿತ್ತು. ಕೊನೆಗೆ ತೆಳು ಹಿತ್ತಾಳೆ ತಗಡಿನಲ್ಲಿ ಕೊರೆದೆ. ಆರನೇ ಗೋಪುರದ ಅಕ್ಷರ ಕೂರಿಸಿದ್ದು ಹೋದ ಭಾನುವಾರ.

ಅಪ್ಪನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. “ಒಳಗೋಡೆ ಕಾಣ್ತಾನೇ ಇಲ್ವಲ್ಲ. ತಾರಸಿ ತೆಗೆದು ಇನ್ನೊಂದು ಫೋಟೋ ಕಳಿಸು” ಅಂದರು.